ಅತ್ತೆಯ ಬಲಗೈ ಮತ್ತು ಹಳೇ ಬ್ಯಾಗುಗಳು

ನಮ್ಮ ಅತ್ತೆಯ ಬೆರಳುಗಳಲ್ಲಿ ಉಗುರಿನ ಅಂಚು ಅನ್ನುವುದನ್ನೇ ನಾನು ಕಂಡಿರಲಿಲ್ಲ. ಇನ್ನೊಂದು ಕೂದಲೆಳೆ ತೆಗೆದರೆ ರಕ್ತ ಬಂದೀತು ಅನ್ನುವಷ್ಟು ಮಟ್ಟಸವಾಗಿ ಕತ್ತರಿಸಿಕೊಳ್ಳುತ್ತಿದ್ದರು. ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸಾಗಿ ಜೀವಮಾನ ಕಳೆದವರು. ಉಗುರು ಬಿಟ್ಟ ಕೈ ಕೂಸಿನ ಹತ್ತಿರ ಹೋಗಕೂಡದು ಅನ್ನುವುದು ಅವರ ಮೊದಲ ಕಾನೂನು. ನಿವೃತ್ತಿಯಾಗಿ ಮದ್ದೂರಿನ ಮನೆ ಸೇರಿದ ಮೇಲೂ ಭಾನುವಾರ ಜಗಲಿಯ ಮೇಲೆ ಕೂತು ಉಗುರು ತೆಗೆಯುವುದು ತಪ್ಪಲಿಲ್ಲ. ಹಾಗೇ ನನ್ನ ಕೈ ಕಡೆಗೂ ಕಣ್ಣು ಹಾಯಿಸುತ್ತಿದ್ದರು. "ಏನಮ್ಮಿ ಇದು, ಗೂಬೆ ಕಾಲ್ ಇದ್ದಂಗದೆ," ಅನ್ನುತ್ತಿದ್ದರು. ನಾನು ಸೊಸೆಯಾಗಿ ಬಂದ ಮೊದಲ ವಾರವೇ ನನ್ನ ಬಣ್ಣ ಹಚ್ಚಿದ ಉಗುರುಗಳು ಅದೇ ಜಗಲಿಯ ಮೇಲೆ ಉದುರಿದ್ದವು.

ಆ ಬಲಗೈಗೇ ಲಕ್ವ ಹೊಡೆಯಿತು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಅವರ ಕೈಯಿಂದ ಜಾರಿತು. ಜಾರಿದ್ದನ್ನು ನೋಡುತ್ತಾ ನಿಂತವರು ತಾವೂ ಗೋಡೆಗೆ ಒರಗಿ ಕುಸಿದರು. ಮಂಡ್ಯದ ಆಸ್ಪತ್ರೆಯಲ್ಲಿ ಬೇಗ ನೋಡಿದ್ದರಿಂದ ಜೀವ ಉಳಿಯಿತು. ಮಾತು ಕೆಲವೇ ದಿನಕ್ಕೆ ಹಿಂತಿರುಗಿತು. ಅದು ಬಹಳ ದಿನ ಹೊರಗೆ ಉಳಿಯುವ ಮಾತೇ ಅಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಕಾಲು ಸ್ವಲ್ಪ ಎಳೆಯುವಂತಾದರೂ ನಡೆಯತೊಡಗಿತು. ಕೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಇಟ್ಟರೆ ಇಟ್ಟ ಕಡೆಯೇ ಇರುತ್ತಿತ್ತು, ಬೆರಳುಗಳು ಒಳಕ್ಕೆ ಮುದುರಿಕೊಂಡು.

ಕೈ ಹೋದರೆ ಏನೆಲ್ಲ ಹೋಗುತ್ತದೆ ಎಂದು ನಮಗೆ ತಿಳಿದದ್ದು ಊಟದ ಹೊತ್ತಿಗೆ. ರಾಗಿಮುದ್ದೆ ಚಮಚಕ್ಕೆ ಬಗ್ಗುವ ಊಟವಲ್ಲ. ಬಿಸಿ ಮುದ್ದೆಯ ಅಂಚನ್ನು ಬೆರಳಲ್ಲಿ ಚಿವುಟಬೇಕು, ಸಾರಿನಲ್ಲಿ ಹೊರಳಿಸಬೇಕು, ಅಗಿಯದೆ ನುಂಗಬೇಕು. ಎಡಗೈಯಲ್ಲಿ ಉಣ್ಣುವುದೆಂದರೆ ಅತ್ತೆಗೆ ಸತ್ತಷ್ಟು ನಾಚಿಕೆ. ಉಣ್ಣದೆ ವಿಧಿಯಿಲ್ಲ, ಆದರೆ ಯಾರೂ ನೋಡಬಾರದು. ಹಾಗಾಗಿ ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಶುರುವಾಯಿತು. ಒಳಗೆ ತಟ್ಟೆ ಸದ್ದು, ಹೊರಗೆ ನಾವು. ಒಂದು ದಿನ ತಡೆಯಲಾರದೆ, "ನಾನೇ ತಿನ್ನಿಸ್ತೀನಿ ಅತ್ತೆ," ಎಂದು ಹತ್ತಿರ ಕೂತೆ.

"ಸತ್ ದಿನ ಬಾಯ್ಗೆ ಅಕ್ಕಿ ಆಕುವೆ ಅಂತೆ. ಅಲ್ಲೀಗಂಟ ನನ್ ಬಾಯ್ಗೆ ಇನ್ನೊಬ್ರು ಕೈ ಬರಕೂಡ್ದು," ಅಂದರು. ನಾನು ಎದ್ದು ಬಂದೆ.

ಅಷ್ಟರಲ್ಲಿ ನನ್ನ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಮಳವಳ್ಳಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಆ ಹುಡುಗಿ ಭೂಮಿಗೆ ಬಿದ್ದದ್ದು ಅತ್ತೆಯ ಕೈಯ ಮೇಲೆ; ತಾವೇ ಹೆರಿಗೆ ಮಾಡಿಸಿದ ಮೊಮ್ಮಗಳು. ನಾದಿನಿ ಕರೆಯಲು ಬಂದಾಗ ಅತ್ತೆ ಒಂದೇ ಮಾತು ಹೇಳಿದರು. "ಧಾರೆಗೆ ಬತ್ತೀನೋ ಇಲ್ವೋ ಬುಡು. ಬೀಗರೂಟಕ್ಕೆ ಬತ್ತೀನಿ. ಪಂಕ್ತೀಲಿ ಎಲ್ಲಾರ್ ಜೊತೆ ಕೂತ್ಕಂಡು ಈ ಬಲಗೈಲೇ ಮುದ್ದೆ ಉಣ್ತೀನಿ. ಉಣ್ಣಕ್ ಆಗಾಕಿಲ್ಲಾ ಅಂದ್ರೆ ಬರಾಕಿಲ್ಲ. ಬೀಗ್ರು ಮುಂದೆ ಎಡಗೈ ಚಾಚೋಳಲ್ಲ ನಾನು."

ಮದುವೆಗಿಂತ, ಆಮೇಲೆ ಎರಡೂ ಮನೆಯವರು ಒಟ್ಟಿಗೆ ಕೂತು ಬಾಡೂಟ ಉಣ್ಣುವ ಬೀಗರೂಟ ದೊಡ್ಡದು ಅನ್ನುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಯಾರು ಯಾರ ಪಕ್ಕ ಕೂತರು, ಎಷ್ಟು ಉಂಡರು, ಏನು ಬಿಟ್ಟರು ಅನ್ನುವುದು ತಲೆಮಾರಿನವರೆಗೆ ಮಾತಾಗುತ್ತದೆ. ಅತ್ತೆಯೇ ಅದಕ್ಕೆ ಸಾಕ್ಷಿ. ನಮ್ಮ ಮದುವೆಯ ಬೀಗರೂಟದಲ್ಲಿ ನನ್ನ ಅಮ್ಮ ಮುದ್ದೆ ಮುಟ್ಟದೆ ಬರೀ ಅನ್ನ ಉಂಡಿದ್ದಳು. ಹೊಟ್ಟೆ ಸರಿಯಿರಲಿಲ್ಲ, ಅಷ್ಟೆ. "ಮಂಡ್ಯದೋಳಾಗಿ ಮುದ್ದೆ ಬ್ಯಾಡ ಅಂದ್ಲಲ್ಲ ನಿಮ್ಮವ್ವ," ಎಂದು ಅತ್ತೆ ಅಮ್ಮ ತೀರಿಕೊಂಡ ಮೇಲೂ ಅನ್ನುತ್ತಿದ್ದರು.

ಕೈಗೆ ವ್ಯಾಯಾಮ ಹೇಳಿಕೊಡಲು ಮಂಡ್ಯದಲ್ಲಿ ಒಬ್ಬ ಹುಡುಗಿ ಇದ್ದಳು. ಬಹಳ ಒಳ್ಳೆಯವಳು. ಅವಳು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಅದುಮಬೇಕು ಅಂದಳು. ಅತ್ತೆ ಶಿಸ್ತಿನ ಹೆಂಗಸು, ಅದುಮಿದರು. ವಾರಗಳು ಕಳೆದವು. ಬೆರಳು ಅಲುಗಿತೋ ಇಲ್ಲವೋ ಎಂದು ನೋಡಿ ನೋಡಿ ಕಣ್ಣು ಸೋತವು. ಒಂದು ದಿನ ನಾನು ಕಚೇರಿಯಿಂದ ಬಂದಾಗ ಚೆಂಡು ಮಂಚದ ಕೆಳಗಿತ್ತು.

"ಅದುಮುದ್ರೆ ಚೆಂಡ್ಗೇನ್ ಆಯ್ತದೆ? ಬುಟ್ಟೇಟ್ಗೆ ಮೊದ್ಲಿದ್ದಂಗೇ ಆಯ್ತದೆ. ಬೆಳಗಿಂದ ಬೈಗಿನಗಂಟ ಒದ್ದಾಡ್ದೋಳ್ಗೆ ಅದು ಏನ್ ತೋರ್ಸ್ತು?" ಎಂದು ಮುಖ ತಿರುಗಿಸಿದರು.

ಇಂಥ ದಿನಗಳಲ್ಲೇ ಗೌರಿ ಹಬ್ಬ ಬಂತು. ಧೂಳು ಹೊಡೆಯುವಾಗ ಬೀರುವಿನ ತಲೆಯ ಮೇಲಿಂದ ಅತ್ತೆಯ ಹಳೆಯ ಚರ್ಮದ ಬ್ಯಾಗು ಸಿಕ್ಕಿತು. ನರ್ಸ್ ಕೆಲಸಕ್ಕೆ ಸೇರಿದಾಗ ತೆಗೆದುಕೊಂಡದ್ದು, ಕತ್ತರಿ, ಹತ್ತಿ, ಸೋಪು ತುಂಬಿಕೊಂಡು ಊರೂರು ತಿರುಗಿದ್ದು. ಮೈಯೆಲ್ಲ ಬೂಷ್ಟು ಹಿಡಿದು ಬೂದಿಯಲ್ಲಿ ಹೊರಳಿದಂತಿತ್ತು. ಚರ್ಮ ಸೆಟೆದುಕೊಂಡು, ಮುಟ್ಟಿದರೆ ಸಿಪ್ಪೆ ಏಳುತ್ತಿತ್ತು. ಕಸದ ಜೊತೆ ಹೊರಗಿಟ್ಟೆ.

"ಎಸೀತೀಯಾ? ಜೊತೇಲಿ ನನ್ನೂ ಎಸ್ದುಬುಡು," ಅಂದರು ಅತ್ತೆ. ನಾನು ಬ್ಯಾಗನ್ನು ಒಳಗೆ ತಂದು ಅವರ ಮಡಿಲಲ್ಲಿಟ್ಟೆ.

ಹತ್ತಿಗೆ ಸ್ಪಿರಿಟ್ಟು ಹಾಕಿಸಿಕೊಂಡರು. ನರ್ಸಮ್ಮನ ಮನೆಯಲ್ಲಿ ಅದೊಂದು ಯಾವಾಗಲೂ ಇರುತ್ತಿತ್ತು. ಮುದುರಿದ ಬಲಗೈಯ ಬೆರಳುಗಳ ನಡುವೆ ಹತ್ತಿ ತುರುಕಿ, ಮೇಲೆ ಎಡಗೈ ಇಟ್ಟು, ಎರಡೂ ಕೈಯಿಂದ ಉಜ್ಜತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಬೂಷ್ಟಿನ ನಡುವೆ ಒಂದು ಕಾಸಿನಗಲ ಕಂದು ಚರ್ಮ ಕಾಣಿಸಿತು. ಅತ್ತೆ ಕೈ ನಿಲ್ಲಿಸಿ ಅದನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಲಕ್ವ ಹೊಡೆದ ಮೇಲೆ ಆ ಕೈಯಿಂದ ಆದ ಮೊದಲ ಕೆಲಸ ಅದು.

ಮುಂದಿನದು ಎಡವಟ್ಟಾಯಿತು. ಮಾವ ಬದುಕಿದ್ದಾಗ ಗಾಡಿಯ ಬಾರುಕೋಲಿಗೆ ಹರಳೆಣ್ಣೆ ಉಜ್ಜಿ ಮೆದುವಾಗಿ ಇಟ್ಟುಕೊಳ್ಳುತ್ತಿದ್ದರಂತೆ. ಕೂಸಿನ ನೆತ್ತಿಗೂ ಅದೇ, ಬಾರುಕೋಲಿಗೂ ಅದೇ, ಬ್ಯಾಗಿಗೆ ಬೇರೆ ಯಾಕೆ ಎಂದು ಅತ್ತೆ ಬ್ಯಾಗಿಗೆ ಧಾರಾಳವಾಗಿ ಹರಳೆಣ್ಣೆ ಕುಡಿಸಿ, ಆರಲಿ ಎಂದು ರಾಗಿ ಮೂಟೆಯ ಮೇಲಿಟ್ಟರು. ಬೆಳಿಗ್ಗೆ ನೋಡಿದರೆ ಬ್ಯಾಗಿನ ಒಂದು ಹಿಡಿಕೆ ಇಲ್ಲವೇ ಇಲ್ಲ. ಇಲಿಗಳು ಎಣ್ಣೆ ಸವರಿದ ಚರ್ಮವನ್ನು ಹಬ್ಬದೂಟ ಮಾಡಿದ್ದವು. ಮಾವ ಬಾರುಕೋಲನ್ನು ಯಾಕೆ ಯಾವಾಗಲೂ ಮೇಲೆ ಗೂಟಕ್ಕೆ ನೇತುಹಾಕುತ್ತಿದ್ದರು ಅನ್ನುವುದು ಅತ್ತೆಗೆ ಆಗ ಹೊಳೆಯಿತು. "ಅದೊಂದ್ ಏಳ್ದೆ ಓದ್ನಲ್ಲ ಆ ಮನ್ಸ," ಎಂದು ಮಾವನ ಫೋಟೋ ಕಡೆ ನೋಡಿ ಬೈದರು.

ಬಿಡಲಿಲ್ಲ. ನನ್ನ ಮೊಬೈಲಿನಲ್ಲಿ ಹಳೆ ಚರ್ಮದ ಬ್ಯಾಗುಗಳಿಗೆ ಮರುಜೀವ ಕೊಡುವ ವಿಡಿಯೋ ಹುಡುಕಿಸಿದರು. ಯಾವುದೋ ದೇಶದ ಗಡ್ಡದವನು, ಯಾವುದೋ ಭಾಷೆ. ಅತ್ತೆ ಶಬ್ದ ಪೂರ್ತಿ ಕಡಿಮೆ ಮಾಡಿಸಿ ಅವನ ಕೈ ಮಾತ್ರ ನೋಡುತ್ತಿದ್ದರು. ಅವನು ಡಬ್ಬಿಯಿಂದ ತೆಗೆಯುವ ಮುಲಾಮು ಮದ್ದೂರಿನಲ್ಲಿ ಎಲ್ಲಿ ಸಿಗಬೇಕು? ಮುತ್ತತ್ತಿ ಕಡೆಯಿಂದ ಜೇನುತುಪ್ಪ ಮಾರಲು ಬರುವ ಹೆಂಗಸಿನ ಹತ್ತಿರ ಜೇನುಮೇಣ ತರಿಸಿ, ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ತಾವೇ ಮುಲಾಮು ಮಾಡಿದರು. ಕೊಳೆ ತೆಗೆಯಲು ಅಂಟುವಾಳದ ನೊರೆ. ಉಜ್ಜಲು ನನ್ನ ಮಗನ ಕಾಲದ ಹಳೆ ಲಂಗೋಟಿಗಳು. ಇಲಿಗೆ ಸಿಗದ ಹಾಗೆ ಬಟ್ಟೆ ಒಣಹಾಕುವ ತಂತಿಗೆ ನೇತು ಹಾಕುವುದು ಮಾತ್ರ ಮಾವನ ವಿದ್ಯೆ.

ಇಷ್ಟರಲ್ಲಿ ಅವರದೇ ಆದ ಒಂದು ಪದ್ಧತಿ ಹುಟ್ಟಿತು. ಬ್ಯಾಗಿನ ನಡುವೆ ಒಂದು ದಾರ ಕಟ್ಟಿ ಗಡಿ ಮಾಡುವುದು. ದಾರದ ಈಚೆ ಬದಿ ಪೂರಾ ಮುಗಿದು ಹೊಳೆಯುವ ತನಕ ಆಚೆ ಬದಿ ಮುಟ್ಟಕೂಡದು. ಅರ್ಧ ಬೂಷ್ಟು, ಅರ್ಧ ಹೊಳಪು ಇರುವ ಆ ಬ್ಯಾಗನ್ನು ಮಂಚದಿಂದ ಕಣ್ಣಿಗೆ ಬೀಳುವ ಹಾಗೆ ನೇತುಹಾಕಿಸಿಕೊಂಡು, ಕಾಫಿ ಕುಡಿಯುತ್ತಾ ನೋಡುತ್ತಾ ಕೂರುತ್ತಿದ್ದರು. "ಪೂರಾ ಒಂದೇ ಸಲ ಮಾಡ್ಬುಟ್ರೆ ಎಂಗಿತ್ತು ಅನ್ನೋದೇ ಮರ್ತೋಯ್ತದೆ ಕಣಮ್ಮಿ. ಮರ್ತೋದ್ರೆ ನಾಳೀಕೆ ಮಾಡಕ್ ಮನಸ್ ಬರಾಕಿಲ್ಲ," ಅನ್ನುತ್ತಿದ್ದರು. ಬೇಸರ ಬಂದ ದಿನ, ಭುಜ ನೋಯುವ ದಿನ, ಬೆಳಿಗ್ಗೆ ಎದ್ದು ಆ ಅರ್ಧವನ್ನು ನೋಡುವರು. ಮತ್ತೆ ಲಂಗೋಟಿ ಕೇಳುವರು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕುತ್ತಿತ್ತೆಂದರೆ, ಆ ಹೊತ್ತಿಗೆ ಅವರು ನನ್ನ ಸಾರನ್ನು ಬೈದರೂ ಕೇಳಿಸುತ್ತಿರಲಿಲ್ಲ.

ಇನ್ನೊಂದು ಕಟ್ಟಪ್ಪಣೆ ಇತ್ತು. ಅವರ ಕೈಯನ್ನು ಯಾರೂ ನೋಡಕೂಡದು. ಒಂದು ದಿನ ಬಟ್ಟೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಾವಾಗಿಯೇ ಹಿಡಿದದ್ದು ಕಂಡು, "ಅತ್ತೆ, ಬೆರಳು ಹಿಡೀತಾ ಇದೆ," ಎಂದು ನಾನು ಹತ್ತಿರ ಓಡಿದೆ.

"ಕೈ ನೋಡ್ಬ್ಯಾಡ, ಬ್ಯಾಗ್ ನೋಡು," ಎಂದು ಗದರಿದರು. ನೋಡಿದರೆ ಕಣ್ಣು ತಾಕುತ್ತದೆ ಎಂದೋ, ಆಸೆ ಹೆಚ್ಚಾಗುತ್ತದೆ ಎಂದೋ, ಕೇಳುವ ಧೈರ್ಯ ನನಗಿರಲಿಲ್ಲ.

ತಮ್ಮ ಬ್ಯಾಗು ಮುಗಿದ ಮೇಲೆ ಅತ್ತೆ ಮನೆಯೆಲ್ಲ ಹುಡುಕಿಸಿ ಅಟ್ಟದಿಂದ ನನ್ನ ಅಮ್ಮನ ಬ್ಯಾಗನ್ನು ಕೆಳಗಿಳಿಸಿಕೊಂಡರು. ಅಮ್ಮ ಮಂಡ್ಯದಲ್ಲಿ ಶಾಲೆ ಟೀಚರಾಗಿದ್ದಳು. ಮೈಸೂರಿನಲ್ಲಿ ಕೊಂಡ ಜೇನುಬಣ್ಣದ ಕೈಚೀಲ ಅದು, ಹಿತ್ತಾಳೆಯ ಕೊಂಡಿಯದು. ಅವಳು ಹೋದ ಮೇಲೆ ನಾನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲಿಟ್ಟಿದ್ದೆ, ನೋಡಲು ಆಗುತ್ತಿರಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೆವರಿ ಅದು ಹಪ್ಪಳದಂತೆ ಸೆಟೆದುಹೋಗಿತ್ತು. ಅತ್ತೆ ದಾರ ಕಟ್ಟಿದರು. ಕೂಸಿಗೆ ಎಣ್ಣೆ ಒತ್ತುವ ಹಾಗೆ ಸುತ್ತು ಸುತ್ತಾಗಿ ಒತ್ತಿದರು. ಒಳಗಿನ ಬಟ್ಟೆ ಹರಿದಿತ್ತು, ಬದಲಾಯಿಸೋಣ ಅಂದೆ. ಬ್ಯಾಗಿನೊಳಗೆ ಮೂಗು ಇಟ್ಟು ನೋಡಿ ಬೇಡ ಅಂದರು.

"ಸೀಮೆಸುಣ್ಣದ್ ವಾಸ್ನೆ ಅದೆ, ಲವಂಗದ್ದೂ ಅದೆ. ನಿಮ್ಮವ್ವಂದು. ವಸಿ ಹೊಲಿಗೆ ಆಕು, ತಗೀಬ್ಯಾಡ."

ನಾನೂ ಮೂಗು ಇಟ್ಟು ನೋಡಿದೆ. ಅಮ್ಮ ಶಾಲೆಯಿಂದ ಬಂದು ನನ್ನನ್ನು ಎತ್ತಿಕೊಳ್ಳುವಾಗಿನ ವಾಸನೆ. ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡುವ ಪೈಕಿಯಲ್ಲ. ನನ್ನ ಅಳು ಮುಗಿಯುವ ತನಕ ಕೊಂಡಿ ಉಜ್ಜುತ್ತಾ ಕೂತಿದ್ದು, ಆಮೇಲೆ, "ಮುದ್ದೆ ಉಣ್ದಿದ್ರೂ ಒಳ್ಳೆ ಚರ್ಮದ್ ಬ್ಯಾಗೇ ತಕಂಡವ್ಳೆ ನಿಮ್ಮವ್ವ," ಅಂದರು. ಅವರಿಬ್ಬರ ಜಗಳ ಅಲ್ಲಿಗೆ ರಾಜಿಯಾಯಿತು.

ಆ ಬ್ಯಾಗು ಹೆಗಲಿಗೆ ಹಾಕಿಕೊಂಡು ನಾನು ಮಂಡ್ಯದ ಕಚೇರಿಗೆ ರೈಲಿನಲ್ಲಿ ಹೋಗತೊಡಗಿದೆ. ಹೆಂಗಸರ ಡಬ್ಬಿಯಲ್ಲಿ ಕೇಳುವ ಕಣ್ಣುಗಳಿಗೆ ಬರವಿಲ್ಲ. ನಿಧಾನವಾಗಿ ಒಂದೊಂದೇ ಹಳೆ ಬ್ಯಾಗು ನನ್ನ ಕೈಸೇರಿ ಮನೆಗೆ ಬಂತು: ತಾಯಿಯದು, ಅಜ್ಜಿಯದು, ಮೊದಲ ಸಂಬಳದ್ದು. ಅತ್ತೆ ಎಲ್ಲಕ್ಕೂ ದಾರ ಕಟ್ಟಿದರು. ನಮ್ಮ ಯಜಮಾನರು ಒಣಹಾಕುವ ತಂತಿ ನೋಡಿ, "ಅತ್ತೆಗೊಂದು ಕಾಲ ಅನ್ನೋ ಗಾದೆ ಅಂದ್ರೆ ಇದೇ ನೋಡು, ನನ್ ಪಂಚೆ ಒಣಗ್ಸಕ್ಕೆ ಜಾಗ ಇಲ್ಲ," ಅನ್ನುತ್ತಿದ್ದರು. ಸಂಜೆಯ ರೈಲಿಗೆ ಯಲಿಯೂರಿನಲ್ಲಿ ಹತ್ತುವ ಒಬ್ಬಾಕೆ ತನ್ನ ಬ್ಯಾಗು ಒಯ್ಯಲು ಮನೆಗೇ ಬಂದಳು. ಎಲ್ಲ ಚೆನ್ನಾಗಿದೆ, ಆದರೆ ಮುಚ್ಚಳದ ಮೇಲಿನ ಗೀರು ಹೋಗಿಲ್ಲವಲ್ಲ ಅಂದಳು.

"ಓಗಾಕಿಲ್ಲ," ಅಂದರು ಅತ್ತೆ. "ಬಳಸಿದ್ ಬ್ಯಾಗು ಗೀರಿಲ್ದೆ ಎಂಗಿದ್ದದು? ನಿನ್ ಮೊಕದಲ್ಲಿಲ್ವಾ?" ಆಕೆ ಕೆನ್ನೆ ಮುಟ್ಟಿ ನೋಡಿಕೊಂಡು ನಗುತ್ತಾ ಹೋದಳು. ಆಮೇಲೆ ತನ್ನ ಅಕ್ಕನ ಬ್ಯಾಗನ್ನೂ ತಂದಳು.

ಸಂಕ್ರಾಂತಿ ಕಳೆಯಿತು. ಬೆರಳು ಚಿವುಟುವಷ್ಟು ಬಂದಿತ್ತು. ಮಂಡ್ಯದ ಹುಡುಗಿ ಕೈ ಹಿಡಿದು ನೋಡಿ ಸಂತೋಷಪಟ್ಟು, "ಚೆಂಡು ಚೆನ್ನಾಗಿ ಅದುಮಿದೀರಾ ಅಮ್ಮ," ಅಂದಳು. ಅತ್ತೆ ನನ್ನನ್ನು ನೋಡಿದರು, ನಾನು ಗೋಡೆ ನೋಡಿದೆ. ಆದರೆ ಮದುವೆ ಹತ್ತಿರವಾದಂತೆಲ್ಲ ಅತ್ತೆಯ ಮಾತು ಕಡಿಮೆಯಾಯಿತು. ಕೋಣೆಯ ಬಾಗಿಲು ಊಟದ ಹೊತ್ತಿಗೆ ಇನ್ನೂ ಹಾಕಿಯೇ ಇತ್ತು. ಬರುತ್ತಾರೋ ಇಲ್ಲವೋ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೀಗರೂಟದ ದಿನ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ನಾವು ಗಾಡಿ ಹತ್ತಿಸಿಕೊಂಡೆವು.

ಮಳವಳ್ಳಿಯ ಸಮುದಾಯ ಭವನದಲ್ಲಿ ಜನವೋ ಜನ. ಅತ್ತೆ ಪಂಕ್ತಿಯ ನಡುಮಧ್ಯದಲ್ಲೇ ಕೂತರು. ಪಕ್ಕದಲ್ಲಿ ನಾನು. ಎದುರು ಸಾಲಿನಲ್ಲಿ ಗಂಡಿನ ಅಜ್ಜಿ, ಅತ್ತೆಯ ಓರಗೆಯ ಹೆಂಗಸು, ಮೂಗಿನ ತುಂಬ ಬೊಟ್ಟು. ಎಲೆಗೆ ಬಿಸಿ ಮುದ್ದೆ ಬಿತ್ತು, ಪಕ್ಕಕ್ಕೆ ಬೋಟಿ ಗೊಜ್ಜು, ಮೇಲೆ ಮಟನ್ ಸಾರು. ಅತ್ತೆ ಸೆರಗಿನಿಂದ ಬಲಗೈ ಹೊರಗೆ ತೆಗೆದರು. ಮುದ್ದೆಯ ಅಂಚು ಚಿವುಟಿದರು. ಬೆರಳು ಮಾತು ಕೇಳಿತು. ಸಾರಿನಲ್ಲಿ ಹೊರಳಿಸಿದರು, ಅದೂ ಆಯಿತು. ತುತ್ತು ಮೇಲೆದ್ದಿತು, ಎದೆಯ ಮಟ್ಟಕ್ಕೆ ಬಂತು, ಅಲ್ಲಿ ನಿಂತಿತು.

ಭುಜ ಏಳಲಿಲ್ಲ. ಬ್ಯಾಗು ಮಡಿಲಲ್ಲಿಟ್ಟು ಉಜ್ಜಿ ಉಜ್ಜಿ ಬೆರಳು ಬಂದಿತ್ತು, ಮೊಣಕೈ ಬಂದಿತ್ತು. ಭುಜಕ್ಕೆ ಆ ಕೆಲಸವೇ ಇರಲಿಲ್ಲ. ಅದು ಅತ್ತೆಗೆ ಮೊದಲೇ ಗೊತ್ತಿತ್ತು, ಅದಕ್ಕೇ ಆ ಮೌನ ಎಂದು ನನಗೆ ಆಗ ತಿಳಿಯಿತು. ಕೈ ನಡುಗಿತು. ಸಾರು ರೇಷ್ಮೆ ಸೀರೆಯ ಮೇಲೆ ತೊಟ್ಟಿಕ್ಕಿತು. ಎದುರಿನ ಸಾಲು ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿತ್ತು. ಅವರ ಮೊಣಕೈಗೆ ಆಸರೆ ಕೊಡಲು ನಾನು ಕೈ ಚಾಚಿದೆ.

"ಮುಟ್ಬ್ಯಾಡ," ಅಂದರು.

ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಸರ್ಕಾರಿ ಡಾಕ್ಟರ ಮುಂದೆಯಾಗಲಿ, ಮಾವನ ಮುಂದೆಯಾಗಲಿ, ಊರ ಗೌಡರ ಮುಂದೆಯಾಗಲಿ ಎಂದೂ ಬಗ್ಗದ ತಲೆ ಬಗ್ಗಿತು. "ಕೈ ಬರ್ದಿದ್ರೆ ಬಾಯೇ ಓಗ್ಲಿ ಬುಡು," ಅಂದರು, ಯಾರಿಗೂ ಅಲ್ಲ. ಬಗ್ಗಿ, ಎದೆ ಮಟ್ಟದಲ್ಲಿ ನಡುಗುತ್ತಿದ್ದ ತುತ್ತನ್ನು ಬಾಯಿಗೆ ತೆಗೆದುಕೊಂಡು ನುಂಗಿದರು. ಮತ್ತೆ ಚಿವುಟಿದರು, ಮತ್ತೆ ಬಗ್ಗಿದರು. ಮೂಗಿಗೆ ಸಾರು ಅಂಟಿತ್ತು, ಒರೆಸಿಕೊಳ್ಳಲಿಲ್ಲ. ಇಡೀ ಮುದ್ದೆ ಹಾಗೇ ಉಂಡರು.

ಗಂಡಿನ ಅಜ್ಜಿ ಕಣ್ಣು ಕೀಳದೆ ನೋಡುತ್ತಿದ್ದವಳು ಬಡಿಸುವ ಹುಡುಗನನ್ನು ಕರೆದಳು. "ಏ, ಇಲ್ ಬಾರ್ಲಾ. ನಮ್ ಬೀಗಿತಿಗೆ ಇನ್ನೊಂದ್ ಮುದ್ದೆ ಇಕ್ಕು. ಬಿಸೀದು ನೋಡಿ ಇಕ್ಲಾ." ಅತ್ತೆ ಬೇಡ ಅನ್ನಲಿಲ್ಲ. ನಾನು ತಲೆ ತಗ್ಗಿಸಿ ನನ್ನ ಎಲೆ ನೋಡುತ್ತಿದ್ದೆ, ಏನೂ ಕಾಣಿಸುತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಅತ್ತೆ ತಟ್ಟೆ ಹಿಡಿದು ಕೋಣೆಯಿಂದ ಹೊರಗೆ ಬಂದು ನಮ್ಮ ನಡುವೆ ಕೂತರು. ಅದಕ್ಕೆ ಯಾವ ಪೀಠಿಕೆಯೂ ಇರಲಿಲ್ಲ. ಅಂದಿನಿಂದ ಬಗ್ಗಿಯೇ ಉಂಡರು, ನಮ್ಮ ಜೊತೆಯಲ್ಲೇ ಉಂಡರು. ಬ್ಯಾಗುಗಳು ಬರುತ್ತಲೇ ಇದ್ದವು. ಭುಜಕ್ಕೂ ಕೆಲಸ ಇರಲಿ ಎಂದು ಬ್ಯಾಗನ್ನು ಗೋಡೆಗೆ ನೇತುಹಾಕಿ ನಿಂತು ಉಜ್ಜುವುದನ್ನು ಶುರು ಮಾಡಿದರು. ಕೈ ಗಂಟಲ ತನಕ ಬಂತು. ಅದಕ್ಕಿಂತ ಮೇಲೆ ಬರಲಿಲ್ಲ, ಅವರೂ ಬೇಸರ ಮಾಡಿಕೊಳ್ಳಲಿಲ್ಲ.

ಹೋದ ವರ್ಷ ಎರಡನೆಯ ಸಲ ಲಕ್ವ ಹೊಡೆದಾಗ ಎರಡೂ ಕೈ ಹೋದವು. ಮಂಡ್ಯದ ಆಸ್ಪತ್ರೆಯಲ್ಲಿ ಅತ್ತೆ ಸಣ್ಣ ಹುಡುಗಿಯಂತೆ ಮಲಗಿದ್ದರು. ಡಾಕ್ಟರು ಗಂಜಿ ಕೊಡಬಹುದು ಅಂದರು. ರಾಗಿ ಗಂಜಿಯನ್ನು ಗಟ್ಟಿಯಾಗಿ ಮಾಡಿ ಒಯ್ದೆ. ಚಮಚ ತೆಗೆದೆ, ಮತ್ತೆ ಇಟ್ಟುಬಿಟ್ಟೆ. ಕೈ ತೊಳೆದು ಬಂದು ಗಂಜಿಯನ್ನು ಬೆರಳಲ್ಲೇ ಎತ್ತಿ ಅವರ ತುಟಿಯ ಹತ್ತಿರ ಹಿಡಿದೆ, ಹೆದರಿಕೊಂಡೇ. ಅತ್ತೆ ಮೊದಲು ನನ್ನ ಉಗುರು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬಾಯಿ ತೆರೆದರು.

ನುಂಗಿದ ಮೇಲೆ ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ.

"ಉಪ್ಪೇ ಆಕಿಲ್ವಲ್ಲಮ್ಮಿ."

ಅವರು ನನಗೆ ಹೇಳಿದ ಕೊನೆಯ ಮಾತು ಅದು. ಆ ಬಟ್ಟಲು ಪೂರ್ತಿ ನನ್ನ ಕೈಯಿಂದಲೇ ಉಂಡರು.